ಕೂಸಿನ ಬೆನ್ನ ಹಿಂದಿನ ಕೈ

ಕಲಬುರಗಿಯ ದರ್ಗಾ ಇರುವ ರೋಜಾ ಬಡಾವಣೆಯ ಕಡೆ ಹೋದಾಗಲೆಲ್ಲ ಸುಮಂಗಲಾ ಹಮೀದರ ಫೋಟೋ ಸ್ಟುಡಿಯೋದ ಮುಂದೆ ನಿಲ್ಲದೆ ಮನೆಗೆ ಮರಳುತ್ತಿರಲಿಲ್ಲ. ಗಾಜಿನ ಹಿಂದೆ ಕೂಸುಗಳ ಫೋಟೋಗಳ ಸಾಲು. ಬೇರೆಯವರಾದರೆ ಕೂಸನ್ನು ಹಿಡಿದವರ ಕೈ ಕಾಣದಂತೆ ಕತ್ತರಿಸಿಬಿಡುತ್ತಿದ್ದರು. ಹಮೀದ್ ಅದನ್ನು ಹಾಗೆಯೇ ಉಳಿಸುತ್ತಿದ್ದರು. ಒಂದರಲ್ಲಿ ಹಸಿರು ಬಳೆಯ ಕೈ, ಇನ್ನೊಂದರಲ್ಲಿ ಬುರ್ಖಾದ ತೋಳಿನಿಂದ ಇಣುಕುವ ಬೆರಳು, ಮತ್ತೊಂದರಲ್ಲಿ ಯಾರದೋ ಅಜ್ಜನ ಒರಟು ಅಂಗೈ.

ಅವನ್ನು ನೋಡಿ ನೋಡಿಯೇ, ಕಾಲೇಜಿನ ಗ್ರಂಥಾಲಯದಿಂದ ನಿವೃತ್ತಳಾದ ಸುಮಂಗಲಾಗೆ ಮೊಬೈಲಿನಲ್ಲಿ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಸಿಟಿ ಬಸ್ಸಿನಲ್ಲಿ ನಿಂತವಳ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಮುದುಕಿ ಹತ್ತುವ ಮುಂಚೆ ಮಳೆಗೆ ತೊಯ್ದ ಸೀಟು ಒರೆಸುವ ಆಟೋದವನು, ಇಂಥವೇ ಅವಳ ಕಣ್ಣಿಗೆ ಬೀಳುತ್ತಿದ್ದವು. ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರೆ ತಂಗಿಯ ಮಗ ಕುನಾಲ ಕಾಲೆಳೆಯುತ್ತಿದ್ದ: "ದೊಡ್ಡವ್ವಾ, ಬರೀ ಕೈ, ಬೆನ್ನು! ಮಂದಿ ಮಾರಿ ಎಲ್ಲಿ ಹೋದ್ವು?"

ಹಾಗೆ ಅನ್ನುತ್ತಿದ್ದವನೇ ಮಗಳು ಸಂಘಮಿತ್ರಾಳ ಫೋಟೋ ಗೋಡೆಗೆ ಹಾಕಬೇಕಾದಾಗ ಸುಮಂಗಲಾಳನ್ನೇ ತಮ್ಮೂರು ಕಮಲಾಪುರಕ್ಕೆ ಕರೆಸಿದ. "ನೀವೇ ತಗೀರಿ. ಹೊರಗಿನವರನ್ನ ಕಂಡ್ರ ಕೂಸು ಅಳ್ತದ."

ಅಂಗಳದಲ್ಲಿ ಕೌದಿ ಹಾಸಿದರು. ಕೂಸಿಗೆ ಇನ್ನೂ ತಾನಾಗಿ ಕೂಡಲು ಬರುತ್ತಿರಲಿಲ್ಲ. ಕುನಾಲನ ತಾಯಿ ತುಳಜಾಬಾಯಿ ಹಿಂದಿನಿಂದ ಕೈ ಕೊಟ್ಟು ಕೂರಿಸಿದಳು. ಕೂಸು ಬಾಯ್ತುಂಬ ನಕ್ಕಿತು. ಆ ಕ್ಷಣ ಸುಮಂಗಲಾಗೆ ಸಿಕ್ಕಿತು. ಇಷ್ಟು ಚೆಂದದ್ದನ್ನು ತಾನು ಎಂದೂ ತೆಗೆದಿರಲಿಲ್ಲ ಎಂದು ಅವಳಿಗೇ ಗೊತ್ತಾಯಿತು.

ಆದರೆ ಮೊಬೈಲ್ ನೋಡಿದ ತುಳಜಾಬಾಯಿಯ ಮುಖ ಸಪ್ಪಗಾಯಿತು.

"ಯಕ್ಕಾ, ನನ್ನ ಕೈ ನೋಡು ಹ್ಯಾಂಗ ಬಂದದ! ಬಾಳಿ ಸೊನಿ ಹತ್ತಿ ಹತ್ತಿ ಕರ್ರಗಾಗ್ಯದ, ಎಷ್ಟು ತಿಕ್ಕಿದ್ರೂ ಹೋಗಲ್ಲ. ಬೀಗರು ನಕ್ಕಾರು. ಸ್ಟುಡಿಯೋದಾಗ ತಗಸಿಬಿಡು."

ಸುಮಂಗಲಾ ಹೂಂ ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ತಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಬಾಳೆಗೊನೆಯ ಲಾರಿಯಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದವಳು ಇದೇ ತುಳಜಾ. ಗಂಟಿನ ಬಟ್ಟೆಯ ಮೇಲೂ ಇದೇ ಸೊನೆಯ ಕಲೆ ಇರುತ್ತಿತ್ತು. ಅದನ್ನು ಅಳಿಸುವುದು ಹೇಗೆ? ಬೇಡ ಅಂದವಳ ಕೈಯನ್ನು ಗೋಡೆಗೆ ಹಾಕುವುದಾದರೂ ಹೇಗೆ?

ಹಮೀದ್ ಫೋಟೋವನ್ನು ಬಹಳ ಹೊತ್ತು ನೋಡಿದರು. "ಯಾರು ತಗದಾರ್ರೀ ಬಾಯಿ ಇದನ್ನ?"

"ನಾನೇ ರೀ ಭಾಯ್. ನಿಮ್ಮ ಗಾಜು ನೋಡಿ ಕಲಿತದ್ದು."

"ಹಂಗಾರ ನನ್ನ ಫೀಸು ಎಲ್ಲಿ?" ಎಂದು ನಕ್ಕರು.

ಸುಮಂಗಲಾ ತಂಗಿಯ ಮಾತು ಹೇಳಿದಳು.

"ಅಳಸ್ತೀನ್ರೀ, ಅದೇನು ದೊಡ್ಡ ಕೆಲಸಲ್ಲ. ಆದ್ರ ಆ ಕೈ ಅದ ಅಂತನೇ ಕೂಸು ನಗಾಕತ್ತದ, ನೋಡ್ರಿ."

"ಎರಡು ಮಾಡ್ರಿ," ಎಂದಳು ಸುಮಂಗಲಾ. "ಒಂದು ಕೈ ಇದ್ದದ್ದು, ಒಂದು ಇಲ್ಲದ್ದು. ಯಾವುದು ಬೇಕೋ ಆಕಿನೇ ಆರಿಸಲಿ."

ಮುಂದಿನ ವಾರ ಕಮಲಾಪುರದಲ್ಲಿ ಎರಡನ್ನೂ ಹಗ್ಗದ ಹೊರಸಿನ ಮೇಲೆ ಇಟ್ಟಳು. ತುಳಜಾಬಾಯಿ ಮೊದಲು ಕೈ ಇಲ್ಲದ್ದನ್ನು ಎತ್ತಿಕೊಂಡಳು. ಕೂಸು ನಗುತ್ತಿತ್ತು, ಆದರೆ ಹಿಂದಕ್ಕೆ ವಾಲಿದ ಅದರ ಬೆನ್ನಿಗೆ ಆಸರೆಯೇ ಇರಲಿಲ್ಲ.

"ಅಯ್ಯಯ್ಯ, ಬೀಳ್ತದಲ್ಲ ಕೂಸು!"

ಅನ್ನುತ್ತಲೇ ಅವಳ ಕೈ ತಾನಾಗಿ ಫೋಟೋದ ಹಿಂದೆ ಹೋಗಿ ಆನಿಸಿ ನಿಂತಿತು.

ಕುನಾಲ ಬಿದ್ದು ಬಿದ್ದು ನಕ್ಕ. "ಯವ್ವಾ, ಹಿಡಿದ ಕೈ ತಗಸು ಅಂದಾಕಿ ನೀನೇ, ಈಗ ಕೂಸು ಬೀಳ್ತದ ಅಂತ ಅಂಜಾಕಿನೂ ನೀನೇ!"

ತುಳಜಾಬಾಯಿ ತನ್ನ ಅಂಗೈಯನ್ನು ತಿರುವಿ ನೋಡಿಕೊಂಡಳು. ಆಮೇಲೆ ಕೈ ಇದ್ದ ಫೋಟೋವನ್ನು ಸೆರಗಿನಿಂದ ಒರೆಸಿ, "ಮೊಳಿ ತಾ," ಎಂದಳು ಮಗನಿಗೆ.

ಬುದ್ಧನ ಫೋಟೋದ ಪಕ್ಕದಲ್ಲಿ ಅದನ್ನು ತೂಗುಹಾಕಿದರು. ಅದರದೇ ಇನ್ನೊಂದು ಪ್ರತಿಯನ್ನು ಹಮೀದ್, ಅಕ್ಕ ತಂಗಿ ಇಬ್ಬರನ್ನೂ ಕೇಳಿ, ತಮ್ಮ ಗಾಜಿನ ಹಿಂದೆ ಇಟ್ಟರು.

ದರ್ಗಾದ ಉರುಸಿನ ದಿನಗಳಲ್ಲಿ ಅಕ್ಕತಂಗಿಯರು ರೋಜಾಕ್ಕೆ ಹೋದರು. ಜನಜಂಗುಳಿಯಲ್ಲಿ ಯಾರೋ ಹೆಂಗಸೊಬ್ಬಳು ಗಾಜಿನ ಮುಂದೆ ನಿಂತು, "ಎಷ್ಟು ಚೆಂದ ನಗ್ತದವ್ವ ಈ ಕೂಸು," ಅಂದಳು.

"ನನ್ನ ಮೊಮ್ಮಗಳ್ರೀ," ಎಂದಳು ತುಳಜಾಬಾಯಿ, ಕೇಳುವ ಮೊದಲೇ. "ಕೈ ನಂದು. ಫೋಟೋ ತಗದಾಕಿ ಇಲ್ಲಿ ನಿಂತಾಳ ನೋಡ್ರಿ, ನಮ್ಮಕ್ಕ."

ನಂಬದಿದ್ದರೆ ಎಂದುಕೊಂಡಳೋ ಏನೋ, ಸೊನೆಯ ಕಲೆಯ ಕೈಯನ್ನು ಗಾಜಿಗೆ ಒತ್ತಿ ಹಿಡಿದು ತೋರಿಸಿದಳು. ಸುಮಂಗಲಾ ಸದ್ದಿಲ್ಲದೆ ಚೀಲದಿಂದ ಮೊಬೈಲ್ ತೆಗೆದಳು.