ಬಸ್ ಡ್ರೈವರನ ತಲೆಯೊಳಗಿನ ಗೆರೆ

ಮನುಷ್ಯನ ಮಿದುಳು ಒಂದು ತೀರ್ಮಾನಕ್ಕೆ ಹೇಗೆ ಬರುತ್ತದೆ ಎಂಬುದನ್ನು ಅಳೆಯುತ್ತಲೇ ಬ್ರಾನ್ವಿನ್‌ಳ ಕೂದಲು ನರೆತಿತ್ತು. ತಾನು ಮಾತ್ರ ಚಹಾವೋ ಕಾಫಿಯೋ ಎಂದು ಯಾರಾದರೂ ಕೇಳಿದರೂ ತಬ್ಬಿಬ್ಬಾಗುವವಳು. ಟಾಸ್ಮೇನಿಯಾ ದ್ವೀಪದ ಗುಡ್ಡಗಾಡಿನ ಶಾಲೆಗಳಿಗೆ ಮಿದುಳಿನ ಅಲೆ ಅಳೆಯುವ ಯಂತ್ರ ಹೊತ್ತು ಹೋಗಿ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸುವ ಹುಚ್ಚೊಂದು ಬೇರೆ.

ಅಂದು ಆ ಯಂತ್ರದ ತಂತಿಗಳ ಟೋಪಿಗೆ ತಲೆ ಕೊಟ್ಟವನು ಶಾಲೆಯ ಬಸ್ ಡ್ರೈವರ್ ಕ್ಲೆಮ್.

"ಒಳಗೆ ಏನೂ ಇಲ್ಲ ಅಂತಾಳೆ ನನ್ನ ಹೆಂಡ್ತಿ. ನೋಡೇಬಿಡಿ ಡಾಕ್ಟ್ರೇ," ಅಂದ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಪರದೆಯ ಮೇಲೆ ಗೆರೆಗಳು ಹರಿದವು. ಎಡಗಿವಿಯ ಮೇಲಿನ ತಂತಿಯದು ಮಾತ್ರ ಆಗಾಗ ಚೂಪಾಗಿ ಎದ್ದು ಬೀಳುತ್ತಿತ್ತು. ದವಡೆ ಆಡಿಸಿದರೂ ಹೀಗೆ ಕಾಣುವುದುಂಟು.

"ಬಾಯಲ್ಲಿ ಏನಿಟ್ಕೊಂಡಿದೀರಿ?"

"ಪೆಪ್ಪರ್‌ಮಿಂಟು."

"ಉಗುಳಿ ಮೊದ್ಲು."

ಉಗುಳಿದ. ತಂತಿಯನ್ನು ಬಿಗಿ ಮಾಡಿದಳು. ಗೆರೆ ಮತ್ತೆ ಎದ್ದಿತು. ಫಿಟ್ಸ್ ಬರುವವರ ಗೆರೆಗಳನ್ನು ಅವಳು ನೋಡಿದ್ದಳು. ಅವೂ ಹೀಗೆಯೇ ಏಳುತ್ತಿದ್ದವು. ನಗುನಗುತ್ತಲೇ ಪಾಠ ಮುಗಿಸಿದಳು, ಏನು ಹೇಳಿದಳೋ ಅವಳಿಗೇ ಗೊತ್ತಿಲ್ಲ.

ಇನ್ನೇನು ಶಾಲೆ ಬಿಡುವ ಹೊತ್ತು. ಕ್ಲೆಮ್ ಆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಘಟ್ಟದ ತಿರುವುಗಳಲ್ಲಿ ಇಳಿಯಬೇಕು. ತಾನು ಸಂಶೋಧನೆಯ ಡಾಕ್ಟರೇ ಹೊರತು ವೈದ್ಯೆಯಲ್ಲ, ರೋಗ ಹೇಳುವ ಹಕ್ಕಿಲ್ಲ. ಹೇಳಿದ್ದು ಸುಳ್ಳಾದರೆ ಅವನ ಅನ್ನಕ್ಕೆ ಕಲ್ಲು, ಇನ್ನೊಮ್ಮೆ ಯಾವ ಶಾಲೆಯೂ ತನ್ನನ್ನು ಒಳಗೆ ಬಿಡದು. ಹೇಳದೆ ಹೋಗಿ, ನಿಜವಾದರೆ? ಹೋಬಾರ್ಟ್ ನಗರದ ವೈದ್ಯೆ ಗೆಳತಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಕಾಯುವುದೂ ಒಂದು ತೀರ್ಮಾನವೇ ಎಂದು ಊರೂರಲ್ಲಿ ಭಾಷಣ ಬಿಗಿದವಳು ಇವಳೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಹೊರಗೆ ಎಂಜಿನ್ ಗುರುಗುಟ್ಟಿತು. ಬ್ರಾನ್ವಿನ್ ಓಡಿದಳು.

"ಕ್ಲೆಮ್, ಇವತ್ತು ನೀವು ಬಸ್ ಓಡಿಸ್ಬೇಡಿ."

"ಯಾಕೆ?"

"ನಾನು ಹೇಳೋದು ತಪ್ಪಿರಬಹುದು. ಆದ್ರೆ ಆ ಗೆರೆ ನೋಡಿ ನಂಗೆ ಭಯ ಆಗಿದೆ. ವೈದ್ಯರು ನೋಡೋವರೆಗೂ ಬೇಡ."

ಬೈಯುತ್ತಾನೆಂದು ಕಾದಳು. ಅವನು ಎಂಜಿನ್ ಆರಿಸಿದ.

"ಹೋದ ತಿಂಗಳು ಗಿಡಕ್ಕೆ ನೀರು ಬಿಡ್ತಾ ನಿಂತಿದ್ದೆ. ಎಚ್ಚರ ಆದಾಗ ಬೂಟ್ ತುಂಬಾ ನೀರು, ನಡುವೆ ಏನಾಯ್ತೋ ಗೊತ್ತಿಲ್ಲ," ಅಂದ ಮೆಲ್ಲಗೆ. "ಆಮೇಲೂ ಒಂದ್ಸಲ ಆಯ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನಾ ಈ ಮಕ್ಕಳನ್ನ ಕೂರಿಸ್ಕೊಂಡೇ ಹೋದೆ."

ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಕೂಗಿದಳು: "ಕ್ಲೆಮ್, ಹೊರಡೋಣ್ವಾ?"

ಹಿಂದೆ ಕೂತ ಮಕ್ಕಳು ಕಾಣುವ ಕನ್ನಡಿಯತ್ತ ಅವನು ನೋಡಲಿಲ್ಲ.

"ಇಳೀರಮ್ಮಾ, ಎಲ್ರೂ ಇಳೀರಿ," ಎಂದ.