ತೊಳೆದ ಸಾಕ್ಷಿ

ನಾನು ಒಂದು ಲೇಡೀಸ್ ಸೈಕಲ್ಲು. ಕಾರ್ಖಾನೆಯಲ್ಲಿ ಹುಟ್ಟಿದೆ ಎಂದು ನೀವು ತಿಳಿದಿದ್ದರೆ ತಪ್ಪು. ಅಲ್ಲಿ ನನ್ನ ಕೈಕಾಲು ಬೇರೆ ಬೇರೆಯಾಗಿ ತಯಾರಾದವು, ಅಷ್ಟೇ. ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದ ನನ್ನನ್ನು ಇಬ್ಬರು ಮೇಸ್ತ್ರಿಗಳು ಗದಗ ಸೀಮೆಯ ಒಂದು ಸರಕಾರಿ ಹೈಸ್ಕೂಲಿನ ಮೈದಾನದಲ್ಲಿ ಕುಳಿತು ಜೋಡಿಸಿದರು. ನನ್ನಂಥವು ಅರವತ್ತೆರಡಿದ್ದವು, ಎಲ್ಲವಕ್ಕೂ ಒಂದೇ ಬಣ್ಣ, ಒಂದೇ ಮುಖ. ಹೆಡ್‌ಮಾಸ್ತರರು ಹೆಸರು ಕೂಗಿದಾಗ ಎಂಟನೆಯ ತರಗತಿಯ ಭಾಗ್ಯಾ ಬಂದು ನನ್ನ ಹ್ಯಾಂಡಲ್ಲು ಹಿಡಿದಳು. ಹಿಡಿದವಳು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ತಾನೂ ಬಿದ್ದಳು, ನನ್ನನ್ನೂ ಬೀಳಿಸಿದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಮೂರು ವರ್ಷ ಅವಳನ್ನು ಶಾಲೆಗೆ, ಎರಡು ವರ್ಷ ಕಾಲೇಜಿಗೆ ಒಯ್ದೆ. ಆಮೇಲೆ ಅವಳು ನರ್ಸಿಂಗ್ ಓದಲು ಹುಬ್ಬಳ್ಳಿಯ ಹಾಸ್ಟೆಲಿಗೆ ಹೋದಳು. ನಾನು ಗೋಡೆಗೆ ಒರಗಿದೆ. ಇನ್ನು ನನ್ನ ಮೇಲೆ ಸೀರೆ ಒಣಹಾಕುತ್ತಾರೆ, ಕೋಳಿ ಕೂರುತ್ತದೆ ಎಂದುಕೊಂಡಿದ್ದೆ. ಆದರೆ ಅವಳ ತಾಯಿ ನೀಲವ್ವ ಒಂದು ಭಾನುವಾರ ಸೆರಗು ಬಿಗಿದು, ನನ್ನನ್ನು ಅದೇ ಮೈದಾನಕ್ಕೆ ತಳ್ಳಿಕೊಂಡು ಹೋದಳು. ಆಗ ಆಕೆಗೆ ಮೂವತ್ತೆಂಟು.

"ಈ ವಯಸ್ಸಿನ್ಯಾಗ ಏನ ಸರ್ಕಸ್ ನಡಿಸೀಯಬೇ, ಮಂದಿ ನಗತಾರ" ಎಂದಳು ಆಕೆಯ ಅತ್ತೆ ಕೆಂಚವ್ವ.

"ನಗಲಿ ಬಿಡ್ರಿ ಅತ್ತಿ. ನಕ್ಕವರು ಬಂದು ನನ್ನ ರೊಟ್ಟಿ ಗಂಟು ಹೊರತಾರೇನ್ರಿ?"

ನೀಲವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬೆಳಗಿನಿಂದ ಒಲೆಯ ಮುಂದೆ ಕಾಲು ಮಡಚಿ ಕುಳಿತರೆ ಏಳುವುದು ಹನ್ನೊಂದಕ್ಕೆ. ಹಳೆಯ ಧೋತರದಲ್ಲಿ ಕಟ್ಟಿದ ಎರಡು ಗಂಟು ನನ್ನ ಕ್ಯಾರಿಯರ್ ಮೇಲೆ ಏರುತ್ತಿದ್ದವು. ಊಟದ ಹೊತ್ತಿಗೆ ಮೊದಲು ಬಸ್‌ಸ್ಟ್ಯಾಂಡ್ ಮುಟ್ಟಬೇಕು. ದಾರಿಯುದ್ದಕ್ಕೂ ಆಕೆ ನನ್ನೊಂದಿಗೆ ಮಾತಾಡುವಳು: ಹಿಟ್ಟು ಜಿಗಿ ಬರಲಿಲ್ಲ, ಭಾಗ್ಯಾ ಫೋನ್ ಮಾಡಲಿಲ್ಲ, ಹಿಂಗೇ ಏನಾದರೊಂದು. ಏರು ಬಂದರೆ ಇಳಿದು ತಳ್ಳುವಳು. ನನ್ನ ಬೆನ್ನಿಗೆ ಬಿಸಿ ರೊಟ್ಟಿಯ ಕಾವು ತಾಗುತ್ತಿತ್ತು. ಅಷ್ಟು ಸುಖ ನಾನು ಮತ್ತೆ ಕಾಣಲಿಲ್ಲ.

ಅವತ್ತು ಹನ್ನೊಂದೂವರೆ ಇರಬೇಕು. ಹತ್ತಿ ಗಿರಣಿಯ ತಿರುವಿನಲ್ಲಿ ನಾವು ರಸ್ತೆಯ ಎಡಗಡೆಯ ಮಣ್ಣಿನ ಮೇಲೇ ಇದ್ದೆವು. ಹಿಂದಿನಿಂದ ಒಂದು ಕೆಂಪು ಕಾರು ಬಂತು. ಏಟು ಬಿದ್ದದ್ದು ನನ್ನ ಹಿಂದಿನ ಮಡ್‌ಗಾರ್ಡಿಗೆ. ನೀಲವ್ವ ಬಿದ್ದಳು, ಆಕೆಯ ಕಾಲ ಮೇಲೆ ನಾನು ಬಿದ್ದೆ. ನನ್ನ ಭಾರವೇ ಆಕೆಯ ಮೊಣಕಾಲು ಮುರಿಯಿತೋ, ಕಾರಿನ ಏಟೋ, ನನಗೆ ಇವತ್ತಿಗೂ ತಿಳಿದಿಲ್ಲ.

ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ನಾನು ನೆಲಕ್ಕೆ ಬಿದ್ದಿದ್ದರಿಂದ ಅದರ ನಂಬರ್ ಪ್ಲೇಟು ನನ್ನ ಕಣ್ಣಿಗೆ ನೇರವಾಗಿತ್ತು. ಏಳು, ಸೊನ್ನೆ, ಆರು, ಒಂದು. ಕಿಟಕಿಯ ಗಾಜು ಅರ್ಧ ಇಳಿಯಿತು. ಕನ್ನಡಕದ ಒಬ್ಬ ಗಂಡಸು ತಲೆ ಹೊರಗೆ ಹಾಕಿ ಹಿಂದೆ ತಿರುಗಿ ನೋಡಿದ. ರಸ್ತೆಯ ತುಂಬ ಹರಡಿದ ರೊಟ್ಟಿಗಳನ್ನು ನೋಡಿದ, ಆಮೇಲೆ ನೀಲವ್ವನ ಮುಖ ನೋಡಿದ. ಆಕೆ ಅವನ ಕಡೆ ಕೈ ಚಾಚಿದ್ದಳು. ಗಾಜು ಮೇಲೇರಿತು, ಕಾರು ಹೊರಟುಹೋಯಿತು.

ಸಪ್ಪಳ ಕೇಳಿ ಗಿರಣಿಯ ಒಳಗಿಂದ ಕೂಲಿಯವರು ಓಡಿಬಂದು ಆಕೆಯನ್ನು ಆಟೋದಲ್ಲಿ ದವಾಖಾನೆಗೆ ಒಯ್ದರು. ನನ್ನನ್ನು ಯಾರೋ ಪುಣ್ಯಾತ್ಮರು ಮನೆಗೆ ಮುಟ್ಟಿಸಿದರು. ಮಡ್‌ಗಾರ್ಡಿನ ಮೇಲೆ ಬೆರಳುದ್ದದ ಕೆಂಪು ಬಣ್ಣ ಹತ್ತಿತ್ತು. ಚಕ್ರದ ಕಡ್ಡಿಗಳ ನಡುವೆ ಆ ಕಾರಿನ ಲೈಟಿನದೊಂದು ಹಳದಿ ಚೂರು ಸಿಕ್ಕಿಕೊಂಡಿತ್ತು. ಬಾಯಿಲ್ಲದಿದ್ದರೇನಂತೆ, ಹೇಳಬೇಕಾದದ್ದೆಲ್ಲ ನನ್ನ ಮೈಮೇಲಿತ್ತು.

ಕೆಂಚವ್ವ ಅಂಗಳದಲ್ಲೇ ತಡೆದಳು. "ರಕ್ತ ಕಂಡ ಗಾಡಿ, ಹಂಗ ಒಳಗ ತರಬ್ಯಾಡ್ರಿ."

ಆ ಕಡೆಯ ಮನೆಗಳಲ್ಲಿ ಅದು ಪದ್ಧತಿ. ಮುದುಕಿ ಅರಿಶಿನದ ನೀರು ಸುರಿದಳು. ಹುಣಸೇಹಣ್ಣು, ಬೂದಿ ಹಚ್ಚಿ ನನ್ನ ಮೈಯೆಲ್ಲ ತಿಕ್ಕಿದಳು. ಬಣ್ಣ ಬಿಡದಿದ್ದಾಗ ಚಿಮಣಿಯ ಸೀಮೆಎಣ್ಣೆ ಹಾಕಿ ತಿಕ್ಕಿದಳು. ಹಳದಿ ಚೂರನ್ನು ಕಿತ್ತು, ಪೀಡೆ ತೊಲಗಲಿ ಎಂದು ಗಟಾರಕ್ಕೆ ಎಸೆದಳು. ಕೊನೆಗೆ ತೆಂಗಿನಕಾಯಿ ನಿವಾಳಿಸಿ ಬೀದಿಯಲ್ಲಿ ಒಡೆದಳು. ತಿಕ್ಕುವಾಗ ಆಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಬೇಡ ತಾಯಿ, ಬೇಡ ಎಂದು ನಾನು ಒದ್ದಾಡಿದೆ. ಯಾರಿಗೆ ಕೇಳಿಸಬೇಕು?

ಮರುದಿನ ನೀಲವ್ವನ ಗಂಡ ಯಂಕಪ್ಪ ನನ್ನನ್ನು ಸೈಕಲ್ ಅಂಗಡಿಗೆ ಒಯ್ದ. ಅವನು ಮಗ್ಗದ ಕೆಲಸದವನು, ಮಾತು ಕಡಿಮೆ. "ಆಕಿ ಬಂದಾಗ ಇದನ್ನ ನೋಡಿ ಎದಿ ಒಡಕೋಬಾರದು. ಹೊಸಾದ್ರಂಗ ಮಾಡಿಕೊಡು" ಎಂದ. ಹೊಸ ಮಡ್‌ಗಾರ್ಡು ಬಂತು, ಚಕ್ರ ನೇರವಾಯಿತು, ಕಪ್ಪು ಬಣ್ಣ ಬಿತ್ತು. ಹಗೆಯವರು ಹೀಗೆ ಮಾಡಿದ್ದರೆ ಶಾಪ ಹಾಕಬಹುದಿತ್ತು. ಮಾಡಿದವರು ಪ್ರೀತಿಯಿಂದ ಮಾಡಿದ್ದರು, ಏನು ಹೇಳಲಿ.

ಎಂಟು ದಿನದ ಮೇಲೆ ನೀಲವ್ವನನ್ನು ತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಆಕೆಯ ಮೊದಲ ಮಾತೇ ಕಂಪ್ಲೇಂಟ್ ಕೊಡಬೇಕು ಎಂಬುದು.

"ಬ್ಯಾಡ ನೀಲಾ" ಎಂದ ಯಂಕಪ್ಪ. "ಸ್ಟೇಷನ್ ಮೆಟ್ಟಲಾ ಹತ್ತೂದು ನಮ್ಮ ಕೈಯಾಗ, ಇಳಿಯೂದು ನಮ್ಮ ಕೈಯಾಗಿಲ್ಲ. ಜೀವ ಉಳದೈತಿ, ದೇವರು ದೊಡ್ಡಾವ."

"ಕಾರ ಹಾಯ್ದದ್ದಕ್ಕ ಅಲ್ರಿ. ಕೈ ತಪ್ಪಿ ಯಾರಾದ್ರೂ ಹಾಯತಾರ. ಅಂವಾ ನನ್ನ ಮಾರಿ ನೋಡಿ ಗಾಜ ಏರಿಸಿದ. ಸತ್ತಾಳೋ ಬದಕ್ಯಾಳೋ ಅಂತ ಇಳದು ಕೇಳಲಿಲ್ಲ. ಯಾಕ ಕೇಳಲಿಲ್ಲ ಅಂತ ಅಂವಾ ನನಗ ಹೇಳಬೇಕು."

ಹೇಳುತ್ತಲೇ ಆಕೆ ಗೋಡೆಯ ಕಡೆ ಹೊರಳಿದಳು. ನಾನು ಥಳಥಳ ಹೊಳೆಯುತ್ತಾ ನಿಂತಿದ್ದೆ. ಆಕೆ ನನ್ನ ಹೊಸ ಮಡ್‌ಗಾರ್ಡನ್ನೇ ನೋಡಿದಳು.

"ಇದನ್ನ ಯಾರು ತೊಳದ್ರು?"

ಕೆಂಚವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀಲವ್ವ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಮುದುಕಿಗೂ ಹಗುರಾಗುತ್ತಿತ್ತು.

ಆದರೂ ಆಕೆ ಹಟ ಬಿಡಲಿಲ್ಲ. ಎರಡು ದಿನದ ಮೇಲೆ ಆಟೋದಲ್ಲಿ ಕಾಲು ಚಾಚಿ ಕುಳಿತು ಠಾಣೆಗೆ ಬಂದಳು. ಹಿಂದಿನಿಂದ ಯಂಕಪ್ಪ ನನ್ನನ್ನು ತಳ್ಳಿಕೊಂಡು ಬಂದ. ಹವಾಲ್ದಾರ್ ಬಳಿಗಾರರು ಕೆಟ್ಟವರಲ್ಲ. ನನ್ನ ಹೊಸ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟರು.

"ಯವ್ವಾ, ಇದು ಮದುವಿಗೆ ಹೊಂಟ ಹೆಣ್ಣಿನಂಗ ಐತಿ. ಇದಕ್ಕ ಕಾರ ಬಡದೈತಿ ಅಂದ್ರ ಕೋರ್ಟಿನ್ಯಾಗ ಯಾರ ನಂಬ್ತಾರ? ನಂಬರ್ ಏನರ ನೋಡೀಯೇನು?"

"ಕಡೀಕ ಅರವತ್ತೊಂದು ಇತ್ರಿ. ಮುಂದಿಂದು ಕಣ್ಣಿಗೆ ಹತ್ತಲಿಲ್ಲ."

ಏಳು ಸೊನ್ನೆ, ಏಳು ಸೊನ್ನೆ ಎಂದು ನಾನು ಒಳಗೊಳಗೇ ಅರಚಿದೆ. ನನಗಿದ್ದ ಬಾಯಿ ಒಂದೇ, ಬೆಲ್ಲು. ಅದನ್ನೂ ಯಾರಾದರೂ ಒತ್ತಬೇಕು. ದೂರು ಬರೆದುಕೊಂಡರು. ನನ್ನ ಹ್ಯಾಂಡಲ್ಲಿಗೆ ರಟ್ಟಿನ ಚೀಟಿ ಕಟ್ಟಿ ಹಿಂದಿನ ಅಂಗಳಕ್ಕೆ ನೂಕಿದರು. ಕೇಸು ಮುಗಿಯುವ ತನಕ ನಾನು ಠಾಣೆಯ ಸ್ವತ್ತು.

ಇಲ್ಲಿ ನನ್ನ ಅಕ್ಕಪಕ್ಕ ಸುಟ್ಟ ಮೋಟರ್‌ಸೈಕಲ್ಲು, ಗಾಲಿಯಿಲ್ಲದ ಟಂಟಂ ರಿಕ್ಷಾ. ಯಾರಿಗೂ ಯಾರ ಮಾತೂ ಬೇಡ. ಬಿಸಿಲಿಗೆ ಟೈರು ಸೀಳಿದವು, ಮಳೆಗೆ ಚೈನು ಕಚ್ಚಿಕೊಂಡಿತು, ಯಂಕಪ್ಪ ಬಳಿಸಿದ ಬಣ್ಣ ಹಕ್ಕಳೆಯೆದ್ದಿತು. ನೀಲವ್ವ ಊರುಗೋಲು ಹಿಡಿದು ತಿಂಗಳಿಗೊಮ್ಮೆ ಬರುತ್ತಿದ್ದಳು. ಕಾರನ್ನು ಹುಡುಕುತ್ತಿದ್ದೇವೆ ಎನ್ನುತ್ತಿದ್ದರು ಠಾಣೆಯವರು. ಹೋಗುವಾಗ ನನ್ನ ಸೀಟಿನ ಧೂಳು ಒರೆಸಿ, ಮನೆಯ ಸುದ್ದಿ ಹೇಳುವಳು. ಮೊಣಕಾಲು ಮಡಚಲು ಬರುವುದಿಲ್ಲವಂತೆ, ಒಲೆಯ ಮುಂದೆ ಕೂರಲು ಆಗುವುದಿಲ್ಲವಂತೆ. ಖಾನಾವಳಿಯವರು ಬೇರೆಯವರಿಂದ ರೊಟ್ಟಿ ತರಿಸತೊಡಗಿದರಂತೆ. ಗೇಟಿನ ಹತ್ತಿರ ಊರುಗೋಲಿನ ಸಪ್ಪಳ ಕೇಳಿದಾಗಲೆಲ್ಲ, ಇವತ್ತು ಕರೆದುಕೊಂಡು ಹೋಗುತ್ತಾಳೆ ಎಂದು ಹುಚ್ಚಿಯ ಹಾಗೆ ಕಾಯುತ್ತಿದ್ದೆ.

ಎರಡನೆಯ ವರ್ಷ, ಅಂದರೆ ಮೊನ್ನೆ, ಬಳಿಗಾರರು ಒಂದು ಕಾಗದ ಹಿಡಿದು ಅಂಗಳಕ್ಕೇ ಬಂದರು. ಜೊತೆಗೆ ನೀಲವ್ವ, ಯಂಕಪ್ಪ. ಯಂಕಪ್ಪನ ಕೈಯಲ್ಲಿ ಗಾಳಿ ಹೊಡೆಯುವ ಪಂಪು ಇತ್ತು. ಅದನ್ನು ಕಂಡು, ಇವತ್ತು ಮನೆಗೆ ಹೊರಟೆ ಎಂದುಕೊಂಡೆ.

"ಆರೋಪಿ ಸಿಕ್ಕಿಲ್ಲ ಅಂತ ಮ್ಯಾಲೆ ಬರದು ಕಳಸ್ತೀವಿ" ಎಂದರು ಬಳಿಗಾರರು. "ನಂದೇನೂ ತಕರಾರಿಲ್ಲ ಅಂತ ಇಲ್ಲೊಂದು ಸಹಿ ಹಾಕವಾ. ಕೋರ್ಟಿಂದ ಸೈಕಲ್ ಬಿಡಿಸಿ ಕೊಡಸ್ತೀನಿ. ಯಾಕ ಸುಮ್ನ ಅಡ್ಡಾಡ್ತೀ ಆ ಕಾಲ ತಗೊಂಡು?"

"ಹಾಕ ನೀಲಾ" ಎಂದ ಯಂಕಪ್ಪ ಮೆಲ್ಲಗೆ. "ಇನ್ನ ಸಾಕು."

ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೂ ಹಾಗೇ ಅನಿಸಿತು. ಹಾಕಿಬಿಡವ್ವಾ, ನನ್ನನ್ನು ಇಲ್ಲಿಂದ ಬಿಡಿಸು, ಕೋಳಿ ಕೂತರೂ ಚಿಂತೆಯಿಲ್ಲ ಎಂದು ಅಂಗಲಾಚಿದೆ. ಆಕೆ ಪೆನ್ನು ತೆಗೆದುಕೊಂಡಳು. ಕಾಗದವನ್ನು ನನ್ನ ಸೀಟಿನ ಮೇಲೇ ಇಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಎರಡು ಸಲ ಓದಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು.

"ಸುಳ್ಳ ಹ್ಯಾಂಗ ಬರೀಲ್ರೀ ಸಾಹೇಬ್ರ? ನನಗ ತಕರಾರ ಐತಿ."

ಬಳಿಗಾರರು ಕಾಗದ ಮಡಚಿದರು. ನೀಲವ್ವ ನನ್ನ ಹ್ಯಾಂಡಲ್ಲು ಮುಟ್ಟಿ, "ನೀ ಇಲ್ಲೇ ನಿಲ್ಲವ್ವಾ" ಎಂದಳು. ಗಂಡ ಹೆಂಡತಿ ಗೇಟು ದಾಟಿದರು. ಪಂಪು ಅವನ ಕೈಯಲ್ಲೇ ಇತ್ತು.

ಗುದ್ದಿ ಹೋದವರ ಮೇಲೆ ದೂರು ಕೊಟ್ಟು ಏನು ಸಿಕ್ಕಿತು ಎಂದು ನೀವು ಕೇಳಿದರೆ, ಏನೂ ಸಿಗಲಿಲ್ಲ. ಆಕೆಗೆ ಕಾಲು ಬರಲಿಲ್ಲ, ನನಗೆ ಮನೆ ಬರಲಿಲ್ಲ, ಆ ಕಾರಿನವನು ಎಲ್ಲಿಯೋ ಸುಖವಾಗಿದ್ದಾನೆ. ಆದರೂ ನಾನು ಇಲ್ಲಿ ನಿಂತಿರುವ ತನಕ, ತಕರಾರಿಲ್ಲ ಎಂದು ಯಾರೂ ಬರೆಯುವ ಹಾಗಿಲ್ಲ. ಹಿಂದಿನ ಸ್ಟ್ಯಾಂಡು ತುಕ್ಕು ತಿಂದು ಅರ್ಧವಾಗಿದೆ, ಈ ಮಳೆಗಾಲ ದಾಟುವುದು ಅನುಮಾನ. ಬಿದ್ದರೆ ಬಿದ್ದಲ್ಲೇ ಇರುತ್ತೇನೆ.