ಮುಖಕ್ಕೆ ಒಪ್ಪದ ದನಿ

ಸಿನಿಮಾದವರು ಅವನನ್ನು ವಾಚ್‌ಮನ್ ಅಂತಲೇ ಕರೆಯುತ್ತಿದ್ದರು. ಅವನು ನಟ. ಆದರೆ ಬಣ್ಣ ಹಚ್ಚಲು ಶುರು ಮಾಡಿದಾಗಿನಿಂದ ಸಿಕ್ಕ ಪಾತ್ರಗಳಲ್ಲಿ ಮುಕ್ಕಾಲು ಪಾಲು ಗೇಟು ಕಾಯುವವೇ. ಉಳಿದವುಗಳಲ್ಲಿ ಅವನು ಹೋಟೆಲಿನ ಅಡುಗೆಯವನು, ಕಳ್ಳಸಾಗಣೆಯವನ ಬಂಟ, ಇಲ್ಲವೇ ನಾಯಕನ ಕೈಯಲ್ಲಿ ಒದೆ ತಿನ್ನಲೆಂದೇ ಕಪ್ಪು ಬನಿಯನ್ ಹಾಕಿಕೊಂಡು ಬಂದು ಗಾಳಿಯಲ್ಲಿ ಕಾಲು ಬೀಸುವವನು. ಕಾಲು ಬೀಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಮೊದಲ ಸಲ ಹಾಗಂತ ಹೇಳಿದಾಗ ಫೈಟ್ ಮಾಸ್ಟರ್ ನಂಬಲೇ ಇಲ್ಲ. "ನಿಮ್ಮೋರಿಗೆ ಅದು ಹುಟ್ತಾನೇ ಬರುತ್ತಲ್ವಾ?" ಅಂದಿದ್ದರು.

ಎಲ್ಲ ಆ ಮುಖದಿಂದ. ಸಣ್ಣ ಕಣ್ಣು, ಚಪ್ಪಟೆ ಮೂಗು, ಎಷ್ಟು ದಿನ ಬಿಟ್ಟರೂ ಗಡ್ಡ ಬಾರದ ಕೆನ್ನೆ. ಅವನ ಮುತ್ತಜ್ಜ ಯಾವುದೋ ಕಾಲದಲ್ಲಿ ರೈಲು ಹಳಿ ಹಾಕುವ ಕೂಲಿಗೆಂದು ಬೆಟ್ಟಗಳ ಆಚೆಯಿಂದ ಬಂದವನಂತೆ. ಆಚೆ ಅಂದರೆ ಎಲ್ಲಿ ಅಂತ ಮನೆಯಲ್ಲೇ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಹೊರಗಿನವರಿಗೆ ಮಾತ್ರ ಅದು ಗೊತ್ತಾಗಲೇಬೇಕಿತ್ತು.

"ಎಲ್ಲಿಯವರು ನೀವು?"

"ಇಲ್ಲೇ, ಹಳೇ ಪ್ರೆಸ್ಸಿನ ಹಿಂದೆ."

"ಅದಲ್ಲ, ನಿಜವಾಗ್ಲೂ ಎಲ್ಲಿಯವರು?"

"ನಿಜವಾಗ್ಲೂ ಪ್ರೆಸ್ಸಿನ ಹಿಂದೇನೇ."

ಹರೆಯದಲ್ಲಿ ಈ ಮಾತಿಗೆ ನಗುತ್ತಿದ್ದ, ಆಮೇಲಾಮೇಲೆ ಸಿಡಿಮಿಡಿಗೊಳ್ಳುತ್ತಿದ್ದ. ಈಗ ಸುಸ್ತಾಗಿತ್ತು. "ಆ ಕಡೆಯೋರು" ಅಂದು ಕೈಯೆತ್ತಿ ಯಾವುದಾದರೊಂದು ದಿಕ್ಕು ತೋರಿಸಿಬಿಡುತ್ತಿದ್ದ. ಕೇಳಿದವರಿಗೂ ಸಮಾಧಾನವಾಗುತ್ತಿತ್ತು.

ಮುಖ ಹೀಗೆ ದುಡಿದು ಅನ್ನ ಹಾಕುತ್ತಿದ್ದರೆ, ಅವನ ದನಿಗೆ ಮಾತ್ರ ಕೆಲಸವೇ ಇರಲಿಲ್ಲ. ಅದು ತುಂಬಿದ ದನಿ. ಮಾತು ಸ್ಫುಟ, ಉಚ್ಚಾರ ಅಚ್ಚುಕಟ್ಟು. ಅದೇ ಅದರ ತಪ್ಪು. ಗೇಟು ಕಾಯುವವನ ಬಾಯಲ್ಲಿ ಅಂಥ ಮಾತು ಬಂದರೆ ಯಾರು ನಗುತ್ತಾರೆ? ಅದಕ್ಕೇ ಅವನ ಪಾತ್ರಗಳಿಗೆಲ್ಲ ಮಿಮಿಕ್ರಿ ಅಂತ ಹೆಸರಾಗಿದ್ದ ಒಬ್ಬ ದಢೂತಿ ಮನುಷ್ಯ ಡಬ್ಬಿಂಗ್ ಮಾಡುತ್ತಿದ್ದ. ತೆರೆಯ ಮೇಲೆ ಇವನು ಬಾಯಿ ತೆರೆದರೆ ಮಿಮಿಕ್ರಿಯ ಕೀರಲು ದನಿ ಬರುತ್ತಿತ್ತು: "ಶಾಬ್, ಒಳಗೆ ಹೋಗಬಾರ್ದು, ಅಮ್ಮಾವ್ರು ಮಲಗಿದೆ." ಜನ ಬಿದ್ದು ಬಿದ್ದು ನಗುತ್ತಿದ್ದರು. ಮಿಮಿಕ್ರಿ ಒಳ್ಳೆಯವನೇ. ಮೂರು ಹೊತ್ತೂ ನಗಿಸುವವನು, ಇವನ ಕಷ್ಟಸುಖಕ್ಕೆ ಆದವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಇವನು ಎಷ್ಟೋ ಸಲ ಪ್ರಯತ್ನಪಟ್ಟು ಸೋತಿದ್ದ.

ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು, ಅಮ್ಮನ ಕಣ್ಣು ಹೋಗದೇ ಇದ್ದಿದ್ದರೆ.

ಅಮ್ಮ ಶಾಲೆಯಲ್ಲಿ ಭಾಷೆ ಕಲಿಸಿದವಳು. ಅವಳದೂ ಅದೇ ಮುಖ. ಹೊಸ ತರಗತಿಗೆ ಕಾಲಿಟ್ಟ ಮೊದಲ ದಿನ ಹಿಂದಿನ ಬೆಂಚುಗಳಲ್ಲಿ ಕಿಸಿಕಿಸಿ ಇದ್ದದ್ದೇ. ಅವಳು ಹಾಜರಿ ಕೂಡ ಕರೆಯದೆ, ಕಿಟಕಿಯ ಕಡೆ ನೋಡುತ್ತ, ಒಂದು ಉದ್ದನೆಯ ಹಳೇ ಪದ್ಯವನ್ನು ಎಲ್ಲೂ ತಡವರಿಸದೆ ಹೇಳಿ ಮುಗಿಸುತ್ತಿದ್ದಳು. ಆಮೇಲೆ ಕಿಸಿಕಿಸಿ ಇರುತ್ತಿರಲಿಲ್ಲ. "ಬಾಯಿ ತೆರೆಯೋ ತನಕ ಅವರು ಮುಖ ನೋಡ್ತಾರೆ ಪುಟ್ಟಾ. ತೆರೆದ ಮೇಲೆ ಮುಖ ಯಾರಿಗೂ ನೆನಪಿರಲ್ಲ" ಅನ್ನುವುದು ಅವಳ ಜೀವಮಾನದ ನಂಬಿಕೆ. ಆ ನಂಬಿಕೆಯಲ್ಲೇ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಮಾತು ತಿದ್ದಿದ್ದಳು. ಕಷ್ಟದ ಮಾತು ಬಂದಾಗಲೆಲ್ಲ ಅವನು ಅದಕ್ಕೆ ಮುಂಚೆ ಮೂಗಿನಲ್ಲಿ ಸೊರ್ರೆಂದು ಉಸಿರೆಳೆದುಕೊಳ್ಳುತ್ತಿದ್ದ. ಅದೊಂದು ಚಟವನ್ನು ಮಾತ್ರ ಅವಳಿಗೆ ಬಿಡಿಸಲಾಗಿರಲಿಲ್ಲ.

ಕಣ್ಣಿನ ನರ ಒಣಗಿ ನೋಟ ಹೋದ ಮೇಲೆ ಅವಳು ಮಧ್ಯಾಹ್ನವೆಲ್ಲ ಟೀವಿಯ ಮುಂದೆ ಕೂತು ಸಿನಿಮಾ ಕೇಳುತ್ತಿದ್ದಳು. ಮಗ ಮನೆಯಲ್ಲಿದ್ದು ಅವನ ಪಾತ್ರ ಬಂದರೆ, "ಅಮ್ಮಾ, ಈಗ ಬಂದಿದ್ದು ನಾನು" ಅನ್ನುತ್ತಿದ್ದ. ಅವಳು ಕಿವಿಗೊಟ್ಟು ಕೇಳಿ, ತಲೆಯಾಡಿಸಿ, "ಇದು ನೀನಲ್ಲ" ಅನ್ನುತ್ತಿದ್ದಳು. ದೂರುವ ದನಿಯಲ್ಲೇನೂ ಅಲ್ಲ. ಯಾರದೋ ಉತ್ತರಪತ್ರಿಕೆಯಲ್ಲಿ ತಪ್ಪು ಗುರುತಿಸಿದ ಹಾಗೆ. ಅವನಿಗೆ ಅದು ಎದೆಗೆ ನಾಟುತ್ತಿತ್ತು. ಹೊರಗಿನವರಿಗೆ ಅವನು ಬರೀ ಮುಖ. ಅಮ್ಮನಿಗೆ ಉಳಿದಿದ್ದು ಬರೀ ದನಿ. ಇವೆರಡರ ನಡುವೆ ಇಷ್ಟು ವರ್ಷ ಅವನು ಮಾಡಿದ ಕೆಲಸ ಅವಳ ಪಾಲಿಗೆ ಇಲ್ಲವೇ ಇಲ್ಲ. ಅವಳಿಗೂ ವಯಸ್ಸಾಯಿತು, ಒಂದೇ ಒಂದು ಸಲ ತೆರೆಯ ಮೇಲಿನಿಂದ ತನ್ನ ದನಿ ಅವಳ ಕಿವಿಗೆ ಬೀಳಬೇಕು ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಬ್ಬಳು ಹೊಸ ನಿರ್ದೇಶಕಿ ಸಿಕ್ಕಳು. ಚಿಕ್ಕ ಹುಡುಗಿ, ದೊಡ್ಡ ಕನ್ನಡಕ. ಯಾವುದೋ ಸೆಟ್ಟಿನ ಮೂಲೆಯಲ್ಲಿ ಅವನು ಟೀ ಕುಡಿಯುತ್ತ ಲೈಟಿನವರ ಜೊತೆ ಹರಟುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು.

"ಸರ್, ನನ್ನ ಸಿನಿಮಾದಲ್ಲಿ ಒಬ್ಬ ಡಾಕ್ಟರ್ ಪಾತ್ರ ಇದೆ. ಒಂದೇ ಸೀನು. ತಾಯಿ ತೀರಿಕೊಂಡಿದ್ದನ್ನ ಮಗನಿಗೆ ಹೇಳಬೇಕು. ನಿಮ್ಮ ದನಿ ನನಗೆ ಬೇಕು."

ಅವನಿಗೆ ಮೊದಲು ಬಂದದ್ದು ಅನುಮಾನ. "ಡಾಕ್ಟರ್ ಅಂದ್ರೆ, ಡಾಕ್ಟರ್ ಮನೆ ವಾಚ್‌ಮನ್ನಾ?"

"ಅಲ್ಲ ಸರ್, ಡಾಕ್ಟರೇ."

ಅವನನ್ನು ಯಾರಾದರೂ ಸರ್ ಅಂದು ಎಷ್ಟು ಕಾಲವಾಗಿತ್ತೋ. ಬಿಳಿ ಕೋಟು ಕೊಟ್ಟರು. ತೋಳು ಗಿಡ್ಡವಾಗಿತ್ತು, ಆದರೂ ಕೋಟು ಕೋಟೇ. ಅವನು ಕುರ್ಚಿ ಎಳೆದುಕೊಂಡು ನಾಯಕನ ಎದುರಿಗೆ ಕೂತು ಹೇಳಿದ: "ನಿಮ್ಮ ತಾಯಿಯನ್ನು ನಮ್ಮಿಂದ ಉಳಿಸಿಕೊಳ್ಳೋಕೆ ಆಗಲಿಲ್ಲ. ಕೈಲಾದದ್ದೆಲ್ಲ ಮಾಡಿದ್ವಿ. ಕೊನೇ ಹೊತ್ತಲ್ಲಿ ಅವರಿಗೆ ನೋವಿರಲಿಲ್ಲ. ನಿಮ್ಮ ಹೆಸರು ಕರೆದರು." ಕಟ್ ಅಂದರು. ಮೇಕಪ್ಪಿನವಳು ಕಣ್ಣೊರೆಸಿಕೊಂಡಳು. ಡಬ್ಬಿಂಗನ್ನೂ ಅವನೇ ಮಾಡಿದ. ಮನೆಗೆ ಬಂದು ಅಮ್ಮನ ಪಕ್ಕ ಕೂತು, "ಈ ಸಲ ನನ್ನದೇ ದನಿ ಅಮ್ಮಾ" ಅಂದ. ಹೇಳಬಾರದಿತ್ತು. ಮಾರನೆಯ ದಿನದೊಳಗೆ ಪಕ್ಕದ ಮನೆಯ ಅಕ್ಕನಿಗೆ, ಮೇಲಿನ ಮನೆಯವರಿಗೆ, ಫೋನಿನಲ್ಲಿ ಇಬ್ಬರು ಹಳೇ ವಿದ್ಯಾರ್ಥಿನಿಯರಿಗೆ ವಿಷಯ ಮುಟ್ಟಿತ್ತು. ಅಮ್ಮ ಹೋಗಿಬರುವ ಸೀರೆ ತೆಗೆದಿಡಿಸಿದ್ದಳು.

ಬಿಡುಗಡೆಗೆ ಮುಂಚೆ ನಿರ್ಮಾಪಕರು ಒಂದಷ್ಟು ಮಂದಿ ಅಪರಿಚಿತರನ್ನು ಕರೆಸಿ ಸಿನಿಮಾ ತೋರಿಸಿದರು. ಅದು ಅವರ ಪದ್ಧತಿ, ಎಲ್ಲಿ ಬೋರಾಯಿತು, ಎಲ್ಲಿ ಹಿಡಿಸಿತು ಅಂತ ಕೇಳುವುದು. ಬಂದವರಿಗೆ ಸಿನಿಮಾ ಹಿಡಿಸಿತು. ಆದರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ತಕರಾರು ತೆಗೆದರು: ಆ ಡಾಕ್ಟರಿಗೆ ಡಬ್ಬಿಂಗ್ ಸರಿ ಕೂತಿಲ್ಲ. ಬೇರೆ ಯಾರದೋ ದನಿ ಅಂಟಿಸಿದ ಹಾಗಿದೆ. ಆ ಮನುಷ್ಯನ ಸ್ವಂತ ದನಿ ಇಟ್ಟಿದ್ದರೆ ಸಹಜವಾಗಿರುತ್ತಿತ್ತು.

ಸ್ವಂತ ದನಿ ಅಂದರೆ ಅವರು ಹೇಳಿದ್ದು ಮಿಮಿಕ್ರಿಯದು. ಅಷ್ಟು ವರ್ಷ ಕೇಳಿ ಕೇಳಿ ಜನರ ಕಿವಿಗೆ ಅದೇ ಅಸಲಿಯಾಗಿತ್ತು. ಯಾರನ್ನು ಬೈಯುವುದು? ಪಾಪ, ಅವರೇನೂ ಸುಳ್ಳು ಹೇಳಿರಲಿಲ್ಲ.

ನಿರ್ದೇಶಕಿ ಫೋನು ಮಾಡಿ ಅತ್ತಳು. "ತುಂಬ ಜಗಳ ಆಡಿದೆ ಸರ್. ಒಂದೋ ನಿಮ್ಮ ಆ ವಾಚ್‌ಮನ್ ಸ್ಟೈಲಲ್ಲಿ ನೀವೇ ಮಾತು ಬದಲಾಯಿಸಬೇಕಂತೆ, ಇಲ್ಲ ಸೀನೇ ತೆಗೀತಾರಂತೆ. ನೀವು ಬರಲ್ಲ ಅಂದ್ರೆ ಮಿಮಿಕ್ರಿಯವರನ್ನ ಕರೆಸ್ತಾರಂತೆ."

ಅವಳನ್ನು ಇವನೇ ಸಮಾಧಾನ ಮಾಡಬೇಕಾಯಿತು. ಫೋನಿಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಒಳಗಿನ ಕೋಣೆಯಲ್ಲಿ ಅಮ್ಮ ಪಕ್ಕದ ಮನೆಯ ಅಕ್ಕನಿಗೆ, "ಇವನು ಚಿಕ್ಕವನಿದ್ದಾಗಲೇ ಪದ್ಯ ಹೇಳಿದ್ರೆ ಹೆಡ್‌ಮಾಸ್ಟರ್ ಬಂದು ಬಾಗಿಲಲ್ಲಿ ನಿಲ್ಲೋರು" ಅನ್ನುತ್ತಿದ್ದಳು. ಮಾತು ಕೆಟ್ಟರೆ ಕೆಡಲಿ, ಕೊನೇಪಕ್ಷ ದನಿಯಾದರೂ ತನ್ನದಿರಲಿ, ಮೊದಲೇ ಅಮ್ಮನಿಗೆ ಹೇಳಿಬಿಟ್ಟರಾಯಿತು ಅಂದುಕೊಂಡ. ಹೋಗಿ ಡಬ್ಬಿಂಗ್ ಮಾಡಿಬರುವ ಧೈರ್ಯ ಬಂತು. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಸ್ಟುಡಿಯೋದಲ್ಲಿ ಇನ್ನೊಂದು ಫಜೀತಿ. ಅವನಿಗೆ ಆ ಮಾತು ಬರಲೇ ಇಲ್ಲ! ಮೈಕಿನ ಮುಂದೆ ನಿಂತು ಏನು ತಿಣುಕಿದರೂ ವ್ಯಾಕರಣ ನೆಟ್ಟಗೆ ಬಂದು ನಿಲ್ಲುತ್ತಿತ್ತು. ಸೌಂಡ್ ಇಂಜಿನಿಯರ್ ಗಾಜಿನ ಆಚೆಯಿಂದ, "ಸ್ವಲ್ಪ ನಿಮ್ಮೋರ ಥರ ಹೇಳಿ ಸಾರ್" ಅಂತ ಬೇಡಿಕೊಂಡ. ದನಿ ಮಾತ್ರ ತನ್ನದೇ ಇರಲಿ ಅಂತ ಇವನು ಪಟ್ಟು ಹಿಡಿದದ್ದಕ್ಕೆ, ಕೊನೆಗೆ ಹೇಳಿಕೊಡಲು ಮಿಮಿಕ್ರಿಯನ್ನೇ ಕರೆಸಿದರು. ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಇವನ ಹೆಗಲ ಮೇಲೆ ಕೈಹಾಕಿ, ಎಳೆಯ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಕಲಿಸತೊಡಗಿದ.

"ಹೇಳು: ನಿಮ್ದು ಅಮ್ಮ ಹೋಯ್ತು."

"ನಿಮ್ಮ... ನಿಮ್ದು ಅಮ್ಮ ಹೋಯ್ತು."

"ನಾಲಿಗೆ ಸಡಿಲ ಬಿಡಪ್ಪಾ, ಅದೇನು ಹಾಗೆ ಬಿಗಿಯಾಗಿ ಹಿಡ್ಕೊಂಡಿದ್ದೀಯ! ನಿಮ್ಮ ಜನ ಮಾತಾಡೋದನ್ನ ನಿನಗೆ ನಾನು ಹೇಳಿಕೊಡೋ ಹಾಗಾಯ್ತಲ್ಲೋ."

ಇಬ್ಬರೂ ನಕ್ಕರು. ನಗದೆ ಇನ್ನೇನು ಮಾಡುವುದು? ನಗು ನಿಂತ ಮೇಲೆ ಅವನು ಕೇಳಿದ: "ನೀನು ಇದನ್ನ ಯಾರ ಹತ್ರ ಕಲಿತೆ?"

ಮಿಮಿಕ್ರಿ ಕುತ್ತಿಗೆ ಒರೆಸಿಕೊಂಡ. "ಯಾರ ಹತ್ರಾನೂ ಇಲ್ಲ ಕಣೋ. ಮೊದಲ್ನೇ ಸಲ ನಿನ್ನ ಪಾತ್ರ ಕೊಟ್ಟಾಗ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಆಗ ನನ್ನ ಮಗಳಿಗೆ ಎರಡು ವರ್ಷ. ಅಪ್ಪ ಬಂತು, ಅಜ್ಜಿ ಮಲಗಿದೆ ಅಂತಿದ್ಳು. ಅದನ್ನೇ ಎತ್ಕೊಂಡೆ. ಆಮೇಲೆ ಎಲ್ಲರೂ ಅದನ್ನೇ ಮಾಡೋಕೆ ಶುರು ಮಾಡಿದ್ರು. ನೀನು ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅವನು ಮತ್ತೆ ಮೈಕಿನ ಮುಂದೆ ನಿಂತ. ಮಿಮಿಕ್ರಿಯ ಮಗಳಿಗೆ ಈಗ ಮದುವೆಯಾಗಿ ಮಕ್ಕಳಾಗಿದ್ದವು. ಅವಳು ಎಂದೋ ಬಿಟ್ಟ ಮಾತನ್ನು ಇವನು ಸಂಜೆಯೊಳಗೆ ಚೆನ್ನಾಗಿ ಕಲಿತ.

ಸಿನಿಮಾ ಬಿಡುಗಡೆಯಾದಾಗ ಮಧ್ಯಾಹ್ನದ ಆಟಕ್ಕೆ ಹೋದರು. ಅವನು, ಅಮ್ಮ, ಪಕ್ಕದ ಮನೆಯ ಅಕ್ಕ, ಅಮ್ಮನ ಹಳೇ ವಿದ್ಯಾರ್ಥಿನಿಯರಿಬ್ಬರು. ಜ್ವರ, ತಲೆನೋವು, ಟಿಕೆಟ್ ಸಿಗಲಿಲ್ಲ, ಎಲ್ಲ ನೆಪವನ್ನೂ ಅವನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ. ಅಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯ ದೃಶ್ಯ ಬಂತು. ವಿದ್ಯಾರ್ಥಿನಿಯೊಬ್ಬಳು, "ಟೀಚರ್, ಬಂದ್ರು, ಬಿಳೀ ಕೋಟು ಹಾಕಿದ್ದಾರೆ" ಎಂದು ಪಿಸುಗುಟ್ಟಿದಳು. ಅಮ್ಮ ಬೆನ್ನು ನೆಟ್ಟಗೆ ಮಾಡಿ, ಕತ್ತು ತುಸು ಓರೆ ಮಾಡಿ ಕೂತಳು. ತೆರೆಯ ಮೇಲೆ ಅವನು ಕುರ್ಚಿ ಎಳೆದುಕೊಂಡು ಹೇಳಿದ: "ಶಾಬ್, ನಿಮ್ದು ಅಮ್ಮ ಹೋಯ್ತು. ನಾವು ತುಂಬ ನೋಡ್ತು, ಆಗ್ಲಿಲ್ಲ. ನಿಮ್ದು ಹೆಸರು ಕರೀತು."

ಥಿಯೇಟರು ಗೊಳ್ಳೆಂದಿತು. ಸತ್ತದ್ದು ನಾಯಕನ ತಾಯಿ ಅನ್ನುವುದನ್ನೂ ಮರೆತು ಜನ ನಕ್ಕರು. ಅವನು ಅಮ್ಮನ ಮುಖ ನೋಡಲಾರದೆ ಅವಳ ಕೈ ನೋಡಿದ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಆ ಕೈ, ಮೊದಲ ಮಾತಿನ ಹೊತ್ತಿಗೇ ನಿಂತುಬಿಟ್ಟಿತ್ತು.

ಪಕ್ಕದ ಮನೆಯ ಅಕ್ಕ ಮೆಲ್ಲಗೆ ಕೇಳಿದಳು: "ಟೀಚರ್, ಇದು... ನಿಮ್ಮ ಮಗನ ದನೀನೇನಾ?"

"ಅಲ್ಲ" ಅಂದಳು ಅಮ್ಮ. ಸುತ್ತಲಿನ ಸೀಟಿನವರಿಗೂ ಕೇಳುವ ಹಾಗೆ, ತರಗತಿಯ ದನಿಯಲ್ಲಿ. "ಮುಖ ಅವನದಿರಬಹುದು. ಈ ದನಿ ಅವನದಲ್ಲ. ನನಗೆ ಗೊತ್ತಾಗಲ್ವಾ? ಮತ್ತೆ ಯಾರದೋ ಹಾಕಿಬಿಟ್ಟಿದ್ದಾರೆ, ಪಾಪ."

ಅಕ್ಕ ಲೊಚಗುಟ್ಟಿದಳು. ಅವನು ಉಸಿರು ಬಿಟ್ಟ. ಗುರುತು ಸಿಗಲಿಲ್ಲ, ಸದ್ಯ ಬಚಾವಾದೆ ಅಂದುಕೊಂಡ. ಮರುಕ್ಷಣವೇ ಹಾಗಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಮನೆಗೆ ಬಸ್ಸಿನಲ್ಲಿ ಬಂದರು. ಉಳಿದವರು ಅಲ್ಲೇ ಅಂಗಡಿಗೆ ಹೋಗುತ್ತೇವೆ ಅಂತ ಜಾರಿಕೊಂಡಿದ್ದರು. ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ ಅವನು ಪಕ್ಕದಲ್ಲಿ ಕೂತ. ಮುಂದಿನ ಸೀಟಿನಲ್ಲಿ ಒಬ್ಬರು ನಡುವಯಸ್ಸಿನವರು ಪೇಪರು ಓದುತ್ತಿದ್ದರು. ಹಿಂದಿನ ಸೀಟಿನಲ್ಲಿ ಟೈ ಕಟ್ಟಿದ ಒಬ್ಬ ಎತ್ತರದ ಆಳು ತೂಕಡಿಸುತ್ತಿದ್ದ. ಎರಡು ಸ್ಟಾಪು ಕಳೆದ ಮೇಲೆ ಅಮ್ಮ ಹೇಳಿದಳು:

"ಕರೀತು ಅನ್ನೋಕೆ ಮುಂಚೆ ಮೂಗಲ್ಲಿ ಉಸಿರೆಳೆದೆ. ಆ ಚಟ ನಿನ್ನ ಬಿಡಲೇ ಇಲ್ಲ ನೋಡು."

ಅವನು ಅವಳ ಕಡೆ ತಿರುಗಿದ. "ಅಮ್ಮಾ..."

"ನಿಜವಾಗಿ ಏನು ಮಾತಿತ್ತು ಅದು? ನೀನು ಕೋಣೇಲಿ ಹೇಳ್ಕೋತಾ ಇದ್ದೆಯಲ್ಲ. ಈಗ ಹೇಳು."

"ಇಲ್ಲೇನಾ? ಬಸ್ಸಲ್ಲೇನಾ?"

"ಹೂಂ. ದನಿಯೆತ್ತಿ ಹೇಳು. ಯಾರ ಭಯ?"

ಅವನಿಗೆ ಬೇಡ ಅನ್ನುವಷ್ಟು ತ್ರಾಣವೂ ಇರಲಿಲ್ಲ. ಹೇಳಿದ: "ನಿಮ್ಮ ತಾಯಿಯನ್ನು ನಮ್ಮಿಂದ ಉಳಿಸಿಕೊಳ್ಳೋಕೆ ಆಗಲಿಲ್ಲ. ಕೈಲಾದದ್ದೆಲ್ಲ ಮಾಡಿದ್ವಿ..."

ಮುಂದಿನ ಸೀಟಿನವರು ಪೇಪರು ಮಡಚಿ ತಟ್ಟನೆ ತಿರುಗಿದರು. ಅವರ ಮುಖದ ಮೇಲೆ ನಿಜವಾದ ದುಃಖವಿತ್ತು, ಏನೋ ಸಮಾಧಾನ ಹೇಳಲು ಬಾಯಿ ತೆರೆದಿದ್ದರು. ಅವರ ಕಣ್ಣು ಇವನ ಮುಖದ ಮೇಲೆ ಬಿತ್ತು, ಅಲ್ಲಿ ನಿಲ್ಲಲಿಲ್ಲ, ಇವನನ್ನು ದಾಟಿ ಹಿಂದಿನ ಸೀಟಿಗೆ ಹೋಗಿ ಟೈ ಕಟ್ಟಿ ನಿದ್ದೆ ಮಾಡುತ್ತಿದ್ದವನ ಮೇಲೆ ನಿಂತಿತು. ಮಾತಾಡಿದ್ದು ಯಾರು ಅಂತ ತಿಳಿಯದೆ ಅವರು ಮತ್ತೊಮ್ಮೆ ಅತ್ತಿತ್ತ ನೋಡಿ, ಮುಂದಕ್ಕೆ ತಿರುಗಿಕೊಂಡರು.

"ನೋಡಿದ್ಯಾ, ಯಾರೋ ತಿರುಗಿದ್ರು. ಪೇಪರ್ ಮಡಚಿದ ಸದ್ದಾಯ್ತು" ಅಂದಳು ಅಮ್ಮ. ಇಡೀ ದಿನದಲ್ಲಿ ಮೊದಲ ಬಾರಿಗೆ ಅವಳ ಮುಖ ಅರಳಿತ್ತು. "ನಾನು ಹೇಳ್ತಿರಲಿಲ್ವಾ ನಿನಗೆ? ಬಾಯಿ ತೆರೆದ ಮೇಲೆ ಮುಖ ಯಾರಿಗೂ ನೆನಪಿರಲ್ಲ."

"ಹೌದಮ್ಮ" ಅಂದ ಅವನು.

"ಮತ್ಯಾಕೆ ನಿಲ್ಲಿಸಿದೆ? ಮುಂದೆ ಹೇಳು."

ಅವನು ಮೂಗಿನಲ್ಲಿ ಉಸಿರೆಳೆದುಕೊಂಡು, ಮುಂದಿನದನ್ನು ಹೇಳಿದ.